ಸೀರಿಯಲ್ ನೋಡಿ ಅತ್ತ ಮೇಲೆ ಏನು ಮಾಡಬೇಕು?

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ಎಂಟೂವರೆ ಗಂಟೆ. ಸೀರಿಯಲ್‌ನಲ್ಲಿ ತಾಯಿ ಇಲ್ಲದ ಹುಡುಗಿಯೊಬ್ಬಳನ್ನು ಸುರಿಯುವ ಮಳೆಯಲ್ಲೇ ಮನೆಯಿಂದ ಹೊರಗೆ ಹಾಕಿದ್ದರು. ಅವಳು ಗೇಟ್ ಹಿಡಿದುಕೊಂಡು ಅಳುತ್ತಿದ್ದಳು, ನಾನು ಇಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಫೋನ್ ನಡುಗಿತು. ನೋಡಿದರೆ "ಚಿಗವ್ವ" ಅಂತ ಹೆಸರು, ನಮ್ಮ ಚಿಕ್ಕಮ್ಮ. ಫೋನ್ ಬೋರಲು ಹಾಕಿದೆ. ಬ್ರೇಕ್‌ನಲ್ಲಿ ಮಾಡಿದರಾಯಿತು ಅಂದುಕೊಂಡೆ. ಬ್ರೇಕ್ ಬಂತು, ನಾಳೆಯ ಪ್ರೊಮೋ ಬಂತು, ಅದರ ಬೆನ್ನಿಗೇ ಇನ್ನೊಂದು ಸೀರಿಯಲ್ ಶುರುವಾಯಿತು. ಮರೆತೆ. ಮರುದಿನ ಬೆಳಿಗ್ಗೆ ಮಾಡಿದಾಗ ಚಿಗವ್ವ ಹೇಳಿದ್ದು ಇಷ್ಟೇ: "ಮಳಿಗೆ ಕರೆಂಟ್ ಹೋಗಿತ್ತವ್ವಾ. ಒಬ್ಬಾಕಿನ ಇದ್ದೆ. ಸುಮ್ನ ಮಾತಾಡೂಣು ಅಂತ ಫೋನ್ ಹಚ್ಚಿದ್ದೆ."

ಬೈಯಲಿಲ್ಲ, ಬೇಜಾರೂ ತೋರಿಸಲಿಲ್ಲ. ಅದೇ ನನ್ನನ್ನು ಜಾಸ್ತಿ ಕಾಡಿತು. ಎರಡು ಕಡೆ ಮಳೆ, ಎರಡು ಕಡೆ ಒಬ್ಬಂಟಿ ಹೆಂಗಸು. ನಾನು ಅತ್ತಿದ್ದು ನಾಟಕದ ಹುಡುಗಿಗೆ.

ಅಂದಿನಿಂದ ನಮ್ಮ ಕ್ರೈಸ್ತ ಸಭೆಯ ಮನೆ ಕೂಟದಲ್ಲಿ ಈ ವಿಷಯ ಮಾತಾಡುತ್ತಾ ಬಂದಿದ್ದೇವೆ. ಏನೇನೋ ಪ್ರಯತ್ನ ಮಾಡಿದೆವು, ಕೆಲವು ಬಿಟ್ಟೆವು, ಕೆಲವು ಉಳಿದವು. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಸಂಜೆ ಟಿವಿ ಓಡುವ, ಕೈಯಲ್ಲಿ ಫೋನ್ ಇರುವ, ಮಲಗುವ ಮುಂಚೆ ಒಂದು ಪ್ರಾರ್ಥನೆಯಾದರೂ ಆಗಬೇಕು ಅನ್ನುವ ಮನೆಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಂದು ಮಾತು ಬಿಡಬೇಕು

ಟಿವಿ ಸೈತಾನನ ಪೆಟ್ಟಿಗೆ ಅನ್ನುವ ಮಾತು. ನಾನು ಚಿಕ್ಕವಳಿದ್ದಾಗ ಸಭೆಯ ಪ್ರಸಂಗದಲ್ಲಿ ಕೇಳಿದ್ದೆ, ಈಗ ಅದೇ ಹೆಸರು ಮೊಬೈಲ್‌ಗೆ ಬಂದಿದೆ. ಈ ಮಾತನ್ನು ನಾನು ಒಪ್ಪಲ್ಲ. ಹಾಗೆ ಹೇಳಿದ ಮನೆಗಳಲ್ಲಿ ನೋಡುವುದೇನೂ ನಿಂತಿಲ್ಲ, ನೋಡಿದ್ದರ ಬಗ್ಗೆ ಮಾತಾಡುವುದು ನಿಂತಿದೆ. ಸಭಾಪಾಲಕರು ಮನೆಗೆ ಬಂದರೆ ಚಾನೆಲ್ ಬದಲಾಗುತ್ತದೆ, ಮಗ ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ನೋಡುತ್ತಾನೆ, ನೋಡಿದ್ದು ಸರಿಯೋ ತಪ್ಪೋ ಅಂತ ಕೇಳುವುದಕ್ಕೆ ಅವನಿಗೆ ಯಾರೂ ಇಲ್ಲ.

ಅಲ್ಲದೆ ಕನ್ನಡ ಕ್ರೈಸ್ತರಿಗೆ ಯಂತ್ರ ಹೊಸದಲ್ಲ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ ಅದು. ಅದರಲ್ಲಿ ಬರೀ ಉಪದೇಶ ಇರಲಿಲ್ಲ, ಊರ ಸುದ್ದಿ, ಸರ್ಕಾರದ ಕಾಯ್ದೆ, ಗಾದೆ, ಕಥೆ ಎಲ್ಲಾ ಇತ್ತು. ಆ ಕಾಲದ ಹೊಸ ಯಂತ್ರದಲ್ಲಿ ನಮ್ಮ ಹಿರಿಯರು ಊರಿನ ಜೊತೆ ಮಾತಾಡಿದರು. ನಾವು ನಮ್ಮ ಕಾಲದ್ದನ್ನು ಕಂಡು ಓಡಿಹೋಗುವುದು ಯಾಕೆ?

ಕಣ್ಣೀರಿನ ಲೆಕ್ಕ

ಸೀರಿಯಲ್ ಬಗ್ಗೆ ನನಗೆ ಕಣ್ಣು ತೆರೆಸಿದ್ದು 1600 ವರ್ಷದ ಹಿಂದಿನ ಒಬ್ಬ ಬಿಷಪ್. ಆಗಸ್ಟೀನ್ ಹುಟ್ಟಿದ್ದು 354ರಲ್ಲಿ, ಈಗಿನ ಅಲ್ಜೀರಿಯ ದೇಶದಲ್ಲಿ. ಓದಲು ಕಾರ್ತೇಜ್ ಪಟ್ಟಣಕ್ಕೆ ಹೋದ ಹರೆಯದಲ್ಲಿ ಅವರಿಗೆ ನಾಟಕದ ಹುಚ್ಚು. ಅದರಲ್ಲೂ ದುಃಖದ ನಾಟಕ. ಮುಂದೆ ತಮ್ಮ ಬದುಕಿನ ಅರಿಕೆ ('ಕನ್ಫೆಷನ್ಸ್' ಪುಸ್ತಕ) ಬರೆದಾಗ, ಮೂರನೇ ಭಾಗದಲ್ಲಿ, ಅವರು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ತನಗೆ ಬರಬಾರದು ಅನ್ನುವ ಕಷ್ಟವನ್ನು ಮನುಷ್ಯ ನಾಟಕದಲ್ಲಿ ಯಾಕೆ ಇಷ್ಟಪಟ್ಟು ನೋಡುತ್ತಾನೆ? ಆಮೇಲೆ ಸರಿಯಾದ ಜಾಗಕ್ಕೇ ಕೈ ಹಾಕುತ್ತಾರೆ: ನಾಟಕ ನೋಡುವವನನ್ನು ಯಾರೂ ಸಹಾಯಕ್ಕೆ ಕರೆಯುವುದಿಲ್ಲ, ದುಃಖಪಡಲು ಮಾತ್ರ ಕರೆಯುತ್ತಾರೆ.

ಈ ಒಂದು ಮಾತಿಗೆ ನಾನು ಅವರಿಗೆ ಋಣಿ. ಸೀರಿಯಲ್‌ನ ಹುಡುಗಿಗೆ ನಾನು ಕೊಡೆ ಹಿಡಿಯಲಾರೆ. ಅವಳಿಗೆ ಬೇಕಾಗಿಯೂ ಇಲ್ಲ. ಅತ್ತರೆ ಸಾಕು, ನನ್ನ ಪಾಲಿನ ಕರುಣೆ ಮುಗಿಯಿತು ಅಂತ ಮನಸ್ಸಿಗೆ ಅನ್ನಿಸುತ್ತದೆ, ಹಗುರವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಸುವಾರ್ತೆಯಲ್ಲಿ ಯೇಸುಸ್ವಾಮಿ ಕನಿಕರಪಟ್ಟರು ಅಂತ ಬಂದ ಕಡೆಯೆಲ್ಲ ಮುಂದಿನ ಸಾಲು ನೋಡಿ. ಮಾರ್ಕ 1ರಲ್ಲಿ ಕನಿಕರಪಟ್ಟು ಕೈ ಚಾಚಿ ಕುಷ್ಠರೋಗಿಯನ್ನು ಮುಟ್ಟುತ್ತಾರೆ. ಲೂಕ 7ರಲ್ಲಿ ನಾಯಿನೆಂಬ ಊರಿನ ವಿಧವೆಯನ್ನು ಕಂಡು ಕನಿಕರಪಟ್ಟು ಅವಳ ಸತ್ತ ಮಗನ ಚಟ್ಟವನ್ನು ಮುಟ್ಟುತ್ತಾರೆ. ಲೂಕ 10ರ ಸಮಾರ್ಯದವನೂ ಹಾಗೆಯೇ, ಕಳ್ಳರ ಏಟು ತಿಂದು ದಾರಿಯಲ್ಲಿ ಬಿದ್ದವನನ್ನು ಕಂಡು ಕನಿಕರಪಟ್ಟ ತಕ್ಷಣ ಹತ್ತಿರ ಹೋಗಿ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟುತ್ತಾನೆ. ಅಲ್ಲಿ ಕನಿಕರ ಕೈಗೆ ಇಳಿಯುತ್ತದೆ.

ಹಾಗಾಗಿ ನಮ್ಮ ಕೂಟದ ಮೊದಲ ಕ್ರಮ ಇದು: ಸೀರಿಯಲ್ ನೋಡಿ ಅತ್ತರೆ, ಅದೇ ವಾರ ಆ ಅಳುವಿಗೆ ಒಂದು ವಿಳಾಸ ಹುಡುಕಬೇಕು. ಒಬ್ಬಂಟಿ ಹುಡುಗಿಗೆ ಅತ್ತಿರಾ? ನಿಮ್ಮ ಓಣಿಯಲ್ಲಿ ಒಬ್ಬಂಟಿ ಯಾರು? ಆಸ್ಪತ್ರೆ ದೃಶ್ಯಕ್ಕೆ ಅತ್ತಿರಾ? ನಿಮ್ಮ ಪರಿಚಯದವರಲ್ಲಿ ಡಯಾಲಿಸಿಸ್‌ಗೆ ಹೋಗುವವರು, ರೋಗಿಯ ಪಕ್ಕದಲ್ಲಿ ರಾತ್ರಿ ಕೂರುವವರು ಯಾರಿದ್ದಾರೆ? ಒಂದು ಫೋನ್, ಒಂದು ಡಬ್ಬಿ ಸಾರು, ಅರ್ಧ ಗಂಟೆ ಕೂತು ಬರುವುದು. ದೊಡ್ಡದು ಬೇಡ. ದೊಡ್ಡದು ಮಾಡಲು ಹೋದವರು ಎರಡನೇ ವಾರಕ್ಕೆ ಬಿಟ್ಟರು, ಸಣ್ಣದು ಮಾಡಿದವರು ಇವತ್ತಿಗೂ ಮಾಡುತ್ತಿದ್ದಾರೆ.

ನೋಡುವಾಗ ಏನನ್ನು ನೋಡಬೇಕು

ಒಂದೇ ಸೀರಿಯಲ್ ಆರಿಸಿಕೊಳ್ಳಿ. ಆರರಿಂದ ಹತ್ತರವರೆಗೆ ಬರುವುದನ್ನೆಲ್ಲ ನೋಡಿದರೆ ಯಾವುದರ ಬಗ್ಗೆಯೂ ಯೋಚನೆ ಮಾಡಲು ಆಗಲ್ಲ, ಮುಖಗಳೆಲ್ಲ ಕಲಸಿಹೋಗುತ್ತವೆ. ಮನೆಯವರೆಲ್ಲ ಕೂತು ನೋಡುವಂಥದ್ದು ಒಂದು ಸಾಕು. ಮುಗಿದ ಕೂಡಲೇ ಟಿವಿ ಆಫ್ ಮಾಡಿ ಹತ್ತು ನಿಮಿಷ ಮಾತು. ಊಟ ಬಡಿಸುತ್ತಾ ಮಾತಾಡಿದರೂ ಆಯಿತು.

ಕೇಳಬೇಕಾದ ಮೊದಲ ಪ್ರಶ್ನೆ: ಇವತ್ತು ಯಾರ ಮೇಲೆ ಸಿಟ್ಟು ಬಂತು?

ಇದನ್ನು ಕಲಿತದ್ದು ನಾತಾನನಿಂದ. ಬೈಬಲ್‌ನ 2 ಸಮುವೇಲ 12. ಅರಸ ದಾವೀದ ಬತ್ಷೆಬೆಯ ವಿಷಯದಲ್ಲಿ ತಪ್ಪು ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿ, ಏನೂ ಆಗಿಲ್ಲ ಅನ್ನುವಂತೆ ಇದ್ದಾನೆ. ಪ್ರವಾದಿ ನಾತಾನ ಬಂದು ನೇರವಾಗಿ ಬೈಯುವುದಿಲ್ಲ, ಒಂದು ಕಥೆ ಹೇಳುತ್ತಾನೆ. ಬಡವನ ಹತ್ತಿರ ಒಂದೇ ಒಂದು ಕುರಿಮರಿ. ಅವನ ತುತ್ತನ್ನೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಮಗಳ ಹಾಗೆ ಬೆಳೆದ ಮರಿ. ಶ್ರೀಮಂತ ಅದನ್ನು ಕಿತ್ತುಕೊಂಡು ತನ್ನ ನೆಂಟನಿಗೆ ಅಡುಗೆ ಮಾಡಿಸುತ್ತಾನೆ. ಕೇಳುತ್ತಿದ್ದ ದಾವೀದನಿಗೆ ಸಿಟ್ಟು ನೆತ್ತಿಗೇರುತ್ತದೆ, ಅಂಥವನು ಸಾಯಬೇಕು ಅನ್ನುತ್ತಾನೆ. ಆಗ ನಾತಾನ ಹೇಳಿದ್ದು ಒಂದೇ ಮಾತು: "ಆ ಮನುಷ್ಯನು ನೀನೇ."

ಕಥೆ ಮಾಡುವ ಕೆಲಸ ಇದು. ನಮ್ಮ ಮೇಲೆ ಬರಬೇಕಾದ ಸಿಟ್ಟನ್ನು ಮೊದಲು ಇನ್ನೊಬ್ಬರ ಮೇಲೆ ಬರಿಸುತ್ತದೆ. ಸೀರಿಯಲ್ ಅಲ್ಲಿಗೇ ನಿಲ್ಲಿಸುತ್ತದೆ, ಮುಂದಿನ ಹೆಜ್ಜೆ ನಾವೇ ಇಡಬೇಕು. ಸಿಟ್ಟು ಬಂದ ಪಾತ್ರ ಏನು ಮಾಡಿತು ಅಂತ ಒಂದು ವಾಕ್ಯದಲ್ಲಿ ಹೇಳಿ, ಹೆಸರು ಹೇಳಬೇಡಿ. "ಸೊಸೆಯ ತವರನ್ನು ನಾಲ್ಕು ಜನರ ಮುಂದೆ ಹೀಯಾಳಿಸಿದಳು." "ತಮ್ಮನ ಪಾಲಿನ ಜಾಗ ತನ್ನ ಹೆಸರಿಗೆ ಮಾಡಿಸಿಕೊಂಡ." ಈಗ ಆ ವಾಕ್ಯವನ್ನು ನಿಮ್ಮ ಮನೆಯ ಪಕ್ಕದಲ್ಲಿ ಇಟ್ಟು ನೋಡಿ. ಒಂದು ಗುರುವಾರ ನಮ್ಮ ಕೂಟದ ಹಿರಿಯರೊಬ್ಬರು ಅತ್ತೆ ಪಾತ್ರವನ್ನು ಬಾಯಿ ತುಂಬ ಬೈದರು. ಆಮೇಲೆ ಈ ವಾಕ್ಯ ಮಾಡಿದೆವು. ಅವರು ಸ್ವಲ್ಪ ಹೊತ್ತು ಚಹಾದ ಲೋಟ ಕೈಯಲ್ಲಿ ಹಿಡಿದು ಹಾಗೇ ಕೂತರು. "ನಮ್ಮ ಸೊಸಿಗೆ ನಾನೂ ಹಿಂಗ ಅಂದೀನ್ರಿ" ಅಂದರು. ಯಾರೂ ಮಾತಾಡಲಿಲ್ಲ, ಮಾತಾಡಬಾರದು ಕೂಡ. ಇಂಥ ಮಾತು ಕೂಟದ ಬಾಗಿಲು ದಾಟಬಾರದು, ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿರಬೇಕು.

ಎರಡನೆಯದು: ಕೆಟ್ಟವರಿಗೆ ತಿರುಗಿ ಬರುವ ದಾರಿ ಇದೆಯಾ? ಸೀರಿಯಲ್‌ನಲ್ಲಿ ವಿಲನ್ ಅಂದರೆ ಐನೂರು ಸಂಚಿಕೆ ಆದರೂ ವಿಲನ್, ಕಾಡಿಗೆಯೂ ಅದೇ, ನೋಟವೂ ಅದೇ. ಕೊನೆಯ ವಾರ ಕಾಲಿಗೆ ಬಿದ್ದು ಕ್ಷಮೆ ಕೇಳಿದರೆ ಮುಗಿಯಿತು. ಆದಿಕಾಂಡದ ಯೋಸೇಫನ ಕಥೆ ನೋಡಿ, ಅದೂ ಕುಟುಂಬದ ಧಾರಾವಾಹಿಯೇ. 37ನೇ ಅಧ್ಯಾಯದಲ್ಲಿ ತಮ್ಮನನ್ನು ಮಾರಿಬಿಡೋಣ ಅಂತ ಹೇಳಿದವನು ಯೆಹೂದ. 44ನೇ ಅಧ್ಯಾಯದಲ್ಲಿ ಕಿರಿಯ ತಮ್ಮ ಬೆನ್ಯಾಮೀನನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಅಂತ ನಿಲ್ಲುವವನೂ ಅದೇ ಯೆಹೂದ. ನಡುವೆ 20 ವರ್ಷಕ್ಕೂ ಜಾಸ್ತಿ ಕಳೆದಿದೆ. ದೇವರು ಒಬ್ಬ ಮನುಷ್ಯನನ್ನು ನಿಧಾನವಾಗಿ ತಿರುಗಿಸಿದ್ದಾರೆ. ನಮ್ಮ ನೆಂಟರಲ್ಲಿ ಯಾರಿಗಾದರೂ ನಾವು ಶಾಶ್ವತವಾಗಿ ವಿಲನ್ ಪಾತ್ರ ಕೊಟ್ಟುಬಿಟ್ಟಿದ್ದೇವಾ ಅಂತ ಕೇಳಿಕೊಳ್ಳಲು ಇದು ಒಳ್ಳೆಯ ಜಾಗ.

ಮೂರನೆಯದು ನನಗೆ ತುಂಬ ಇಷ್ಟದ್ದು. ಕೆಲಸದವಳನ್ನು ನೋಡಿ. ಸೀರಿಯಲ್ ಮನೆಯಲ್ಲಿ ಒಬ್ಬಳು ಕೆಲಸದವಳು ಇದ್ದೇ ಇರುತ್ತಾಳೆ, ಕಾಫಿ ತರುತ್ತಾಳೆ, ಕದ್ದು ಕೇಳುತ್ತಾಳೆ, ನಗಿಸುತ್ತಾಳೆ. ಅವಳಿಗೆ ಮನೆ ಎಲ್ಲಿ, ಮಕ್ಕಳಿದ್ದಾರಾ, ಸಂಬಳ ಎಷ್ಟು, ಯಾವುದೂ ಗೊತ್ತಿಲ್ಲ. ಆದಿಕಾಂಡ 16ರಲ್ಲಿ ಹಾಗರಳು ಅಬ್ರಾಮನ ಮನೆಯ ದಾಸಿ. ಯಜಮಾನಿ ಸಾರಯಳ ಕಾಟ ತಡೆಯಲಾರದೆ ಅರಣ್ಯಕ್ಕೆ ಓಡುತ್ತಾಳೆ. ದೇವದೂತ ಅವಳನ್ನು ಹುಡುಕಿಕೊಂಡು ಬಂದು ಹೆಸರು ಹಿಡಿದು ಕರೆಯುತ್ತಾನೆ, ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ವಿಚಾರಿಸುತ್ತಾನೆ. ಅವಳು ದೇವರಿಗೆ ಒಂದು ಹೆಸರು ಇಡುತ್ತಾಳೆ, ನನ್ನನ್ನು ನೋಡುವ ದೇವರು ಅಂತ. ನಮ್ಮ ವಿಶ್ವಾಸದ ಮೂಲಪುರುಷನ ಮನೆಯಲ್ಲಿ ದೇವರಿಗೆ ಹೆಸರಿಟ್ಟವಳು ಒಬ್ಬ ಕೆಲಸದವಳು. ಇದು ಗೊತ್ತಾದ ಮೇಲೆ ಸೀರಿಯಲ್‌ನ ಕೆಲಸದವಳು ಬಂದಾಗಲೆಲ್ಲ ನನ್ನ ಕಣ್ಣು ಅವಳ ಮೇಲೇ ಹೋಗುತ್ತದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವರ ಮಗಳು ಎಷ್ಟನೇ ಕ್ಲಾಸು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯವರ ಜೊತೆ ಕೂತು ಭಕ್ತಿಯ ಸೀರಿಯಲ್ ನೋಡುವ ಸಂದರ್ಭ ಬರುತ್ತದೆ. ಆಗ ಅವರ ಪೂಜೆಯ ದೃಶ್ಯಕ್ಕೆ ನಗುವುದು, ಟೀಕೆ ಮಾಡುವುದು ಬೇಡವೇ ಬೇಡ. ಅವರು ಕ್ರಿಸ್‌ಮಸ್ ದಿನ ನಮ್ಮ ಮನೆಗೆ ಬಂದು ಪ್ರಾರ್ಥನೆ ಮುಗಿಯುವವರೆಗೆ ಕೈಮುಗಿದು ನಿಲ್ಲುತ್ತಾರೆ, ಅಲ್ವಾ?

ಸಹಿಸಿಕೊಳ್ಳುವ ನಾಯಕಿ: ಇಲ್ಲಿ ಹುಷಾರು

ಸೀರಿಯಲ್‌ನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವುದು ವಿಲನ್ ಅಲ್ಲ, ನಾಯಕಿ. ಹೊಡೆದರೂ, ವಿಷ ಹಾಕಿದರೂ, ಗಂಡ ಅನುಮಾನ ಪಟ್ಟರೂ ಬಾಯಿ ಬಿಡದೆ ಸಹಿಸುತ್ತಾಳೆ, ಸಹಿಸಿದಷ್ಟೂ ದೇವತೆ ಅನ್ನಿಸಿಕೊಳ್ಳುತ್ತಾಳೆ. ದುಃಖದ ಸಂಗತಿ ಅಂದರೆ ಸಭೆಗಳಲ್ಲೂ ನಾವು ಇದನ್ನೇ ಹೇಳಿಬಿಡುತ್ತೇವೆ. ಗಂಡನ ಕೈಯಲ್ಲಿ ಏಟು ತಿಂದು ಬಂದವಳಿಗೆ "ನಿನ್ನ ಶಿಲುಬೆ ಹೊತ್ತುಕೋ ತಾಯಿ, ಪ್ರಾರ್ಥನೆ ಮಾಡು" ಅಂತ ಹೇಳಿ ವಾಪಸ್ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ಶಿಲುಬೆ ಅಲ್ಲ. ಯೋಹಾನ 10ರಲ್ಲಿ ಯೇಸುಸ್ವಾಮಿ ತಮ್ಮ ಪ್ರಾಣದ ಬಗ್ಗೆ ಹೇಳುತ್ತಾರೆ, ಯಾರೂ ಇದನ್ನು ನನ್ನಿಂದ ತೆಗೆದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂತ. ಇನ್ನೊಬ್ಬರು ಬಲವಂತವಾಗಿ ಬೆನ್ನ ಮೇಲೆ ಹೊರಿಸಿದ ಏಟಿಗೆ ಆ ಹೆಸರು ಇಡಲು ನಮಗೆ ಹಕ್ಕಿಲ್ಲ. ನಜರೇತಿನಲ್ಲಿ ಜನ ಅವರನ್ನು ಗುಡ್ಡದ ಅಂಚಿನಿಂದ ದೊಬ್ಬಲು ಹೋದಾಗ ಅವರು ನಡುವಿನಿಂದ ಹಾದು ಹೊರಟುಹೋದರು, ಲೂಕ 4. ಅರಸ ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಅದೇ ರಾತ್ರಿ ಓಡಿಹೋದ, 1 ಸಮುವೇಲ 19. ಓಡಿಹೋದದ್ದಕ್ಕೆ ದೇವರು ದಾವೀದನನ್ನು ಬೈದ ಒಂದು ವಚನವೂ ಇಲ್ಲ.

ಆದ್ದರಿಂದ ಇಂಥ ಸಂಚಿಕೆ ಬಂದ ದಿನ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಇದನ್ನು ಗಟ್ಟಿಯಾಗಿ ಹೇಳಿ. ಗಂಡುಮಕ್ಕಳಿಗೂ ಹೇಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಎರಡು ನಂಬರನ್ನೂ ಫೋನ್‌ನಲ್ಲಿ ಹಾಕಿಡಿ, ಕೂಟದ ನೋಟಿಸ್ ಬೋರ್ಡ್‌ನಲ್ಲೂ ಬರೆಯಿಸಿ. ಪ್ರಾರ್ಥನೆ ಮಾಡಿ, ಜೊತೆಗೆ ಅವಳಿಗೆ ಅಂದು ರಾತ್ರಿ ಮಲಗಲು ಒಂದು ಕೋಣೆ ಕೊಡಿ.

ಬೈಬಲ್ ಸೀರಿಯಲ್ ನೋಡುವಾಗ

ನಮ್ಮ ಯುವಕರು ಈಗ 'ದಿ ಚೋಸನ್' ನೋಡುತ್ತಾರೆ. ಅಮೆರಿಕದಲ್ಲಿ ಸಾವಿರಾರು ಜನ ತಮ್ಮ ಕೈಯಿಂದ ಹಣ ಹಾಕಿ ಮಾಡಿಸಿದ, ಯೇಸುಸ್ವಾಮಿಯ ಬದುಕಿನ ಧಾರಾವಾಹಿ, ಮೊದಲ ಸೀಸನ್ 2019ರಲ್ಲಿ ಬಂತು. ಅದರಲ್ಲಿ ಶಿಷ್ಯ ಮತ್ತಾಯನನ್ನು ಆಟಿಸಂ ಇರುವ ಹುಡುಗನ ಹಾಗೆ ತೋರಿಸಿದ್ದಾರೆ. ಮಗ್ದಲದ ಮರಿಯಳಿಗೆ ಲಿಲಿತ್ ಅನ್ನುವ ಇನ್ನೊಂದು ಹೆಸರಿದೆ, ಒಂದು ಪೂರ್ತಿ ಹಿನ್ನೆಲೆ ಇದೆ. ಸುವಾರ್ತೆಯಲ್ಲಿ ಇವೆರಡೂ ಇಲ್ಲ. ಲೂಕ 8ರಲ್ಲಿ ಅವಳನ್ನು ಬಿಟ್ಟು ಏಳು ದೆವ್ವಗಳು ಹೋಗಿದ್ದವು ಅಂತ ಒಂದು ಮಾತು ಇದೆ, ಅಷ್ಟೇ.

ಹಾಗಂತ ನೋಡಬಾರದು ಅನ್ನುವುದಿಲ್ಲ. ನಮ್ಮ ಸಂಡೇ ಸ್ಕೂಲ್ ಮಕ್ಕಳ ಕ್ರಿಸ್‌ಮಸ್ ನಾಟಕದಲ್ಲೂ ಛತ್ರದ ಯಜಮಾನ ಇರುತ್ತಾನೆ, ಜಾಗ ಇಲ್ಲ ಹೋಗಿ ಅಂತ ಕೈ ಬೀಸುತ್ತಾನೆ. ಲೂಕ 2 ತೆಗೆದು ನೋಡಿ, ಅವನೇ ಇಲ್ಲ. ಮೂಡಣ ದೇಶದ ಜ್ಞಾನಿಗಳು ಮೂವರು ಅಂತ ಮತ್ತಾಯ 2 ಎಲ್ಲೂ ಹೇಳುವುದಿಲ್ಲ, ಮೂರು ಕಾಣಿಕೆ ಅಂತಷ್ಟೇ ಇದೆ. ತುಂಬಿಸಿ ಹೇಳುವುದು ತಪ್ಪಲ್ಲ, ತುಂಬಿಸಿದ್ದು ಯಾವುದು ಅಂತ ಗೊತ್ತಿರಬೇಕು. ನಾವು ಮಾಡುವ ಕ್ರಮ ಸುಲಭ: ಒಂದು ಸಂಚಿಕೆ ನೋಡುವ ಮುಂಚೆ ಆ ಭಾಗವನ್ನು ಸತ್ಯವೇದದಲ್ಲಿ ಗಟ್ಟಿಯಾಗಿ ಓದುತ್ತೇವೆ. ನೋಡಿದ ಮೇಲೆ ಯಾವುದು ಹೊಸದಾಗಿ ಸೇರಿದೆ ಅಂತ ಮಕ್ಕಳು ಹೇಳಬೇಕು. ಮಕ್ಕಳಿಗೆ ಇದು ಆಟದ ಹಾಗೆ, ಅವರೇ ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಆದರೆ ಒಂದು. ಪ್ರಾರ್ಥನೆ ಮಾಡುವಾಗ ಯೇಸುವಿನ ಪಾತ್ರ ಮಾಡಿದ ನಟನ ಮುಖವೇ ಕಣ್ಣ ಮುಂದೆ ಬರುತ್ತಿದೆ ಅಂತ ನಮ್ಮ ಕೂಟದ ಒಬ್ಬ ಹುಡುಗ ಹೇಳಿದ. ಅವನಿಗೆ ಎರಡು ತಿಂಗಳು ನೋಡುವುದು ಬಿಡು, ಬರೀ ಓದು ಅಂದೆವು.

ಕ್ರೈಸ್ತ ಚಾನೆಲ್‌ಗಳಿಗೆ ನಾನು ಸೀರಿಯಲ್‌ಗಿಂತ ಜಾಸ್ತಿ ಕಟ್ಟುನಿಟ್ಟು. ಸೀರಿಯಲ್ ತಾನು ನಾಟಕ ಅಂತ ಹೇಳಿಕೊಂಡೇ ಬರುತ್ತದೆ. ಪರದೆ ಕೆಳಗೆ ಬ್ಯಾಂಕ್ ಖಾತೆ ನಂಬರ್ ಓಡಿಸುತ್ತಾ, ಈ ತಿಂಗಳು ಬಿತ್ತಿದರೆ ಮುಂದಿನ ತಿಂಗಳು ನೂರರಷ್ಟು ಅಂತ ಬಡವರಿಂದ ದುಡ್ಡು ಕೇಳುವವರು ದೇವರ ಹೆಸರು ಹಿಡಿದು ಬರುತ್ತಾರೆ. ಅಂಥ ಕಡೆ ಕೇಳಬೇಕಾದ್ದು ಒಂದೇ: ನನಗೆ ಕಾಯಿಲೆ ಬಿದ್ದ ದಿನ ಈ ಮನುಷ್ಯ ನನ್ನ ಮನೆ ಬಾಗಿಲಿಗೆ ಬರುತ್ತಾನಾ? ಬರುವವರು ನಿಮ್ಮ ಊರಿನ ಸಭೆಯವರು. ಕಾಣಿಕೆಯೂ ಅಲ್ಲಿಗೇ ಹೋಗಲಿ.

ಫೋನಿನ ವಿಷಯ

ಆಗಸ್ಟೀನರ ಗೆಳೆಯ ಅಲಿಪಿಯಸ್ ಕಾನೂನು ಓದಲು ರೋಮಿಗೆ ಹೋದ. ಅಖಾಡದಲ್ಲಿ ಮನುಷ್ಯರನ್ನು ಕಾದಾಡಿಸುವ ಕತ್ತಿವರಸೆಯ ಕಾಳಗ ಅಂದರೆ ಅವನಿಗೆ ಆಗುತ್ತಿರಲಿಲ್ಲ. ಸ್ನೇಹಿತರು ಒಂದು ದಿನ ಎಳೆದುಕೊಂಡು ಹೋದರು. ದೇಹ ತಾನೇ ಅಲ್ಲಿರುವುದು, ನಾನು ನೋಡುವುದಿಲ್ಲ ಅಂತ ಕಣ್ಣು ಮುಚ್ಚಿ ಕೂತ. ಒಬ್ಬ ಬಿದ್ದಾಗ ಜನ ಹೋ ಅಂತ ಕೂಗಿದರು. ಕುತೂಹಲ ತಡೆಯಲಾಗದೆ ಕಣ್ಣು ತೆರೆದ. ಅಷ್ಟೇ, ರಕ್ತದ ರುಚಿ ಹತ್ತಿತು, ಆಮೇಲೆ ಅವನೇ ಬೇರೆಯವರನ್ನು ಕರೆದುಕೊಂಡು ಹೋಗತೊಡಗಿದ. ಆಗಸ್ಟೀನರ ಅರಿಕೆಯ ಆರನೇ ಭಾಗದಲ್ಲಿದೆ ಇದು.

ನನ್ನ ಮನಸ್ಸು ಗಟ್ಟಿ, ಒಂದೇ ರೀಲ್ ನೋಡಿ ಇಡುತ್ತೇನೆ ಅನ್ನುವವರು ಅಲಿಪಿಯಸ್‌ನನ್ನು ನೆನೆಸಿಕೊಳ್ಳಿ. ಅವನಿಗೆ ಮನಸ್ಸು ಇತ್ತು, ಕೂತ ಜಾಗ ತಪ್ಪಾಗಿತ್ತು. ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ಮುಂಚೆ ಜಾಗ ಬದಲಾಯಿಸಿ. ಯೂಟ್ಯೂಬ್‌ನಲ್ಲಿ ವಿಡಿಯೋ ಮುಟ್ಟಿದರೆ ಮೇಲೆ ಆಟೋಪ್ಲೇ ಬಟನ್ ಕಾಣುತ್ತದೆ, ಅದನ್ನು ಆಫ್ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಅಂತ. ಒಂದೊಂದು ಆ್ಯಪ್‌ಗೆ ದಿನಕ್ಕೆ ಇಷ್ಟು ನಿಮಿಷ ಅಂತ ಅಲ್ಲೇ ಹಾಕಬಹುದು. ನೋಟಿಫಿಕೇಶನ್ ಎಲ್ಲಾ ಆಫ್, ಮನುಷ್ಯರ ಕರೆ ಮಾತ್ರ ಆನ್. ಚಿಗವ್ವನ ಕರೆಗೆ ನಾನು ಬೇರೆ ರಿಂಗ್‌ಟೋನ್ ಇಟ್ಟಿದ್ದೇನೆ, ಫೋನ್ ಬೋರಲು ಇದ್ದರೂ ಗೊತ್ತಾಗುತ್ತದೆ.

ಕುಟುಂಬ ಪ್ರಾರ್ಥನೆ ಹೊತ್ತಿಗೆ ಫೋನ್‌ಗಳು ಎಲ್ಲಿರಬೇಕು? ನಮ್ಮ ಮನೆಯಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಒಂದು ರೊಟ್ಟಿ ಬುಟ್ಟಿ ಇದೆ, ಅದರಲ್ಲಿ. ಮೊದಲು ದೊಡ್ಡವರು ಹಾಕಬೇಕು. ಫೋನಿನಲ್ಲೇ ಬೈಬಲ್ ಇದೆಯಲ್ಲ ಅಂತ ನನ್ನ ಗಂಡ ವಾದ ಮಾಡಿದರು. ಇದೆ, ಪ್ರಯಾಣದಲ್ಲಿ ನಾನೂ ಓದುತ್ತೇನೆ. ಆದರೆ ಮನೆಯಲ್ಲಿ ಪುಸ್ತಕ. ಕೀರ್ತನೆ ಓದುವಾಗ ಮೇಲಿಂದ ಆಫರ್ ಮೆಸೇಜ್ ಇಳಿಯುವುದಿಲ್ಲ.

ಇದೆಲ್ಲ ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ಒಳ್ಳೆಯ ವಸ್ತುವೂ ಕೆಡುತ್ತದೆ. ಅರಣ್ಯಕಾಂಡ 21ರಲ್ಲಿ ದೇವರೇ ಹೇಳಿ ಮೋಶೆಯಿಂದ ತಾಮ್ರದ ಸರ್ಪ ಮಾಡಿಸಿದರು. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ನೂರಾರು ವರ್ಷ ಕಳೆದ ಮೇಲೆ ಜನ ಅದೇ ಸರ್ಪಕ್ಕೆ ಧೂಪ ಹಾಕುತ್ತಿದ್ದರು, ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಬೇಕಾಯಿತು, 2 ಅರಸು 18. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕೈ ಎಲ್ಲಿಗೆ ಹೋಗುತ್ತದೆ ಅಂತ ಒಂದು ವಾರ ಗಮನಿಸಿ. ಸುಮ್ನೆ ಗಮನಿಸಿ, ಸಾಕು. ನನಗೆ ಆ ಒಂದು ವಾರವೇ ತುಂಬ ಹೇಳಿತು.

ಲೈವ್ ಆರಾಧನೆ ಯಾರಿಗೆ?

2020ರ ಏಪ್ರಿಲ್ 12ರ ಈಸ್ಟರ್ ನೆನಪಿದೆಯಾ? ಲಾಕ್‌ಡೌನ್. ಗುಡಿಗಳೆಲ್ಲ ಬಾಗಿಲು ಹಾಕಿದ್ದವು, ಫೋನನ್ನು ಡಬ್ಬಿಗೆ ಒರಗಿಸಿಟ್ಟು ಆರಾಧನೆ ನೋಡಿದೆವು. ಆವತ್ತು ಅದು ದೊಡ್ಡ ಉಪಕಾರ. ಆಮೇಲೆ ಬಾಗಿಲು ತೆರೆದರೂ ಕೆಲವರು ಬರಲೇ ಇಲ್ಲ, ಮನೆಯಲ್ಲೇ ಚಹಾ ಕುಡಿಯುತ್ತಾ ನೋಡುವುದು ಹಿತ ಅನ್ನಿಸಿತು.

ಒಬ್ಬ ಕ್ಯಾಥೊಲಿಕ್ ಗೆಳತಿ ನನಗೆ ಸಂತ ಕ್ಲಾರಾ ವಿಷಯ ಹೇಳಿದಳು. ಇಟಲಿಯ ಅಸ್ಸೀಸಿಯ ಈಕೆ 13ನೇ ಶತಮಾನದವರು. ಕಾಯಿಲೆಯಿಂದ ಹಾಸಿಗೆ ಹಿಡಿದು ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಹೋಗಲಾಗದೆ ಮಲಗಿದ್ದಾಗ, ದೂರದ ಗುಡಿಯ ಪೂಜೆ ತಮ್ಮ ಕೋಣೆಯಲ್ಲೇ ಕಂಡಿತು, ಹಾಡೂ ಕೇಳಿಸಿತು ಅಂತ ಅವರ ಕಥೆ. ಅದಕ್ಕೇ ಪೋಪ್ 12ನೇ ಪಯಸ್ 1958ರಲ್ಲಿ ಅವರನ್ನು ಟೆಲಿವಿಷನ್ನಿನ ಪಾಲಕ ಸಂತರು ಅಂತ ಸಾರಿದರು. ನಾವು ಪ್ರೊಟೆಸ್ಟೆಂಟರು ಪಾಲಕ ಸಂತರನ್ನು ಇಟ್ಟುಕೊಳ್ಳುವುದಿಲ್ಲ, ಆದರೆ ಈ ಕಥೆ ನನ್ನ ಮನಸ್ಸಿನಲ್ಲಿ ನಿಂತಿತು. ಪರದೆ ಮೊದಲು ಸೇರಬೇಕಾದ್ದು ಹಾಸಿಗೆ ಹಿಡಿದವರಿಗೆ. ಲೈವ್ ಅನ್ನು ನಿಲ್ಲಿಸಬಾರದು, ಅವರಿಗಾಗಿ. ಕಾಲು ಗಟ್ಟಿ ಇರುವವರು ಎದ್ದು ಬರಬೇಕು.

ಯೋಹಾನನ ಎರಡನೇ ಪತ್ರ ಒಂದೇ ಅಧ್ಯಾಯ. 12ನೇ ವಚನದಲ್ಲಿ ಅಪೊಸ್ತಲ ಬರೆಯುತ್ತಾನೆ, ಹೇಳುವುದು ಬಹಳ ಇದೆ, ಕಾಗದ ಮಸಿಯಿಂದ ಹೇಳಲು ಮನಸ್ಸಿಲ್ಲ, ಬಂದು ಎದುರೆದುರು ಮಾತಾಡುತ್ತೇನೆ, ಆಗ ನಮ್ಮ ಸಂತೋಷ ಪೂರ್ತಿಯಾಗುತ್ತದೆ ಅಂತ. ಕಾಗದ ಮಸಿ ಆ ಕಾಲದ ಟೆಕ್ನಾಲಜಿ. ಅವನು ಅದನ್ನು ಬಳಸಿಯೂ ಬಳಸಿದ, ಅದರಿಂದ ಏನು ಆಗಲ್ಲ ಅಂತಲೂ ಹೇಳಿದ. ನಮ್ಮ ಸಭೆಯಲ್ಲಿ ಈಗ ಹೀಗೆ ಮಾಡುತ್ತೇವೆ: ಲೈವ್ ನೋಡುವ ಹಿರಿಯರ ಪಟ್ಟಿ ಒಂದು ಇದೆ, ಪ್ರತಿ ಭಾನುವಾರ ಮಧ್ಯಾಹ್ನ ಇಬ್ಬರು ಅವರಲ್ಲಿ ಒಬ್ಬರ ಮನೆಗೆ ಹೋಗುತ್ತಾರೆ. ಕರ್ತನ ಭೋಜನದ ಭಾನುವಾರ ಸಭಾಪಾಲಕರೇ ರೊಟ್ಟಿ, ಪಾತ್ರೆ ತೆಗೆದುಕೊಂಡು ಹೋಗುತ್ತಾರೆ. ದೇವರ ವಾಕ್ಯವು ಯೇಸುವಿನಲ್ಲಿ ಶರೀರಧಾರಿಯಾಗಿ ಬಂತು ಅಂತ ನಂಬುವವರು ನಾವು, ಮನುಷ್ಯರು ಮನುಷ್ಯರ ಮನೆಗೆ ಹೋಗಲೇಬೇಕು.

ಎಐ ಬಗ್ಗೆ ಚಿಕ್ಕದಾಗಿ. ಪ್ರಾರ್ಥನೆ, ಪ್ರಸಂಗ, ವಚನದ ಚಿತ್ರ, ಕೇಳಿದ್ದೆಲ್ಲ ಅದು ಬರೆದುಕೊಡುತ್ತದೆ. ವಚನ ತಪ್ಪಾಗಿಯೂ ಕೊಡುತ್ತದೆ, ಇಲ್ಲದ ವಚನವನ್ನು ಇದೆ ಅಂತಲೂ ಹೇಳುತ್ತದೆ. ಗ್ರೂಪ್‌ಗೆ ಫಾರ್ವರ್ಡ್ ಮಾಡುವ ಮುಂಚೆ ಸತ್ಯವೇದ ತೆಗೆದು ಅಧ್ಯಾಯ, ವಚನ ನೋಡಿ. ಭಾನುವಾರ ಶಾಲೆಯ ಪಾಠಕ್ಕೆ ಪ್ರಶ್ನೆ ಮಾಡಲು ಬಳಸಿಕೊಳ್ಳಿ, ಪರವಾಗಿಲ್ಲ. ಸಾವಿನ ಮನೆಯಲ್ಲಿ ಹೇಳುವ ಪ್ರಾರ್ಥನೆಯನ್ನು ಮಾತ್ರ ಅದರಿಂದ ಬರೆಸಬೇಡಿ. ತಡವರಿಸಿದರೂ ಪರವಾಗಿಲ್ಲ, ಆ ಮನೆಯವರ ಕೈ ಹಿಡಿದವರ ಬಾಯಿಂದ ಬರಲಿ.

ಕೂಟ ನಡೆಸುವವರಿಗೆ

ಎಂಟು ಹತ್ತು ಜನ ಸಾಕು. ವಾರಕ್ಕೊಮ್ಮೆ, ಒಂದು ಗಂಟೆ. ಎಲ್ಲರೂ ನೋಡಿರುವ ಒಂದು ಸಂಚಿಕೆ, ಸತ್ಯವೇದದ ಒಂದು ಭಾಗ. ಸಂಚಿಕೆ ಬಗ್ಗೆ ಮೊದಲು ಮಾತಾಡಿ, ಓದುವುದು ಆಮೇಲೆ. ತಿರುಗಿಸಿ ಮಾಡಿದರೆ ಜನ ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಾರೆ. ಗಂಡಸರು ಸೀರಿಯಲ್ ಹೆಂಗಸರದ್ದು ಅಂತ ಹಿಂದೆ ಕೂರುತ್ತಾರೆ, ಅವರಿಗೆ ಕ್ರಿಕೆಟ್ ಅಥವಾ ಸುದ್ದಿ ಚಾನೆಲ್ ಚರ್ಚೆ ಕೊಟ್ಟು ಅದೇ ಪ್ರಶ್ನೆ ಕೇಳಿ: ಯಾರ ಮೇಲೆ ಸಿಟ್ಟು ಬಂತು? ಉತ್ತರ ಬರುತ್ತದೆ. ಕೊನೆಗೆ ಒಬ್ಬೊಬ್ಬರೂ ಈ ವಾರ ಯಾರ ಮನೆಗೆ ಹೋಗುತ್ತೇನೆ ಅಂತ ಒಂದು ಹೆಸರು ಹೇಳಬೇಕು. ಮುಂದಿನ ವಾರ ಹೋದಿರಾ ಅಂತ ಕೇಳಿ. ಹೋಗಿಲ್ಲ ಅಂದರೆ ಬೈಯಬೇಡಿ, ಜೊತೆಗೆ ಒಬ್ಬರನ್ನು ಕಳಿಸಿ.

ನಾನು ಹೇಳಿದ ಹೆಸರು ಚಿಗವ್ವ. ಈಗ ಬುಧವಾರ ಅವಳ ಮನೆಯಲ್ಲೇ ಸೀರಿಯಲ್ ನೋಡುತ್ತೇನೆ. ಅವಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ, ಧ್ವನಿ ಕೇಳಿ ಯಾರು ಬಂದರು ಅಂತ ಹೇಳುತ್ತಾಳೆ. ಸಂಗೀತ ಜೋರಾದಾಗ ನನ್ನ ಮೊಣಕೈ ತಟ್ಟಿ "ಈಗ ಅಕಿ ಮಾರಿ ಹ್ಯಾಂಗ್ ಮಾಡ್ಯಾಳ?" ಅಂತ ಕೇಳುತ್ತಾಳೆ. ನಾನು ನೋಡಿ ಹೇಳುತ್ತೇನೆ.